ಚಾಳೀಸು ಬೇಡವೆಂದರೆ

ನಮ್ಮ ಕಡೆ ಓದುವ ಕನ್ನಡಕಕ್ಕೆ ಚಾಳೀಸು ಎಂದು ಹೆಸರು. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ನಲವತ್ತು ದಾಟಿದವರ ಮೂಗಿನ ಮೇಲೆ ಬಂದು ಕೂರುವ ವಸ್ತುವಿಗೆ ವಯಸ್ಸಿನ ಹೆಸರೇ ಅಂಟಿಕೊಂಡಿದೆ. ‘ಅವರಿಗೆ ಚಾಳೀಸು ಬಂತು’ ಎಂದರೆ ಕನ್ನಡಕ ಬಂತು ಎಂದೂ ಆಯಿತು, ವಯಸ್ಸಾಯಿತು ಎಂದೂ ಆಯಿತು. ನನಗೆ ಬಂದದ್ದು 42ಕ್ಕೆ. ಈಗ 54. ಅಡುಗೆಮನೆಯ ಕಿಟಕಿಯ ಮೇಲೊಂದು, ಕಾಲೇಜಿನ ಬ್ಯಾಗಿನಲ್ಲೊಂದು, ಹಾಸಿಗೆಯ ಪಕ್ಕದಲ್ಲೊಂದು, ಹೀಗೆ ಮೂರು ಚಾಳೀಸುಗಳಿವೆ. ಬೇಕಾದಾಗ ಮೂರೂ ಸಿಗುವುದಿಲ್ಲ.

ಹೋದ ವರ್ಷ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕಾಲಕ್ಕೆ ತಲೆನೋವು ಶುರುವಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಎಲ್ಲ ನೋಡಿ, “ಪೊರೆ ಇನ್ನೂ ಬಂದಿಲ್ಲ ಮೇಡಂ. ನಂಬರ್ ಸ್ವಲ್ಪ ಏರಿದೆ ಅಷ್ಟೆ. ಚಾಳೀಸಿನ ಕಾಟವೇ ಬೇಡ ಅಂದ್ರೆ ಕಣ್ಣೊಳಗಿನ ಮಸೂರವನ್ನೇ ಬದಲಾಯಿಸಬಹುದು” ಎಂದರು. ಒಂದು ಕಣ್ಣಿಗೆ ಕಾಲು ಗಂಟೆ ಸಾಕು, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಹೋಗಬಹುದು ಎಂದೂ ಸೇರಿಸಿದರು.

“ಪೊರೆ ಬಂದಿಲ್ಲ ಅಂದಮೇಲೆ ಮಸೂರ ಯಾಕೆ ತೆಗೀಬೇಕು ಡಾಕ್ಟ್ರೇ?”

“ಕೆಟ್ಟಿಲ್ಲ, ಆದರೆ ಗಟ್ಟಿಯಾಗಿದೆ” ಎಂದರು ಅವರು.

ಆ ಒಂದು ಮಾತು ಹಿಡಿದುಕೊಂಡು ಮನೆಗೆ ಬಂದೆ. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ಪಾಠ ಹೇಳುವವಳಿಗೆ ಯೋಚಿಸುವುದೆಂದರೆ ಓದುವುದೇ. ಓದುತ್ತಾ ಹೋದ ಹಾಗೆ ಕಣ್ಣಿನೊಳಗಿನ ಆ ಚಿಕ್ಕ ಮಸೂರದ ಹಿಂದೆ ಎಷ್ಟು ದೊಡ್ಡ ಕಥೆಯಿದೆ ಎಂದು ತಿಳಿಯಿತು. ಆ ಕಥೆಯ ನಡುವೆ ನಮ್ಮ ಅಜ್ಜಿಯೂ ಕೂತಿದ್ದಳು.

ಮೊದಲು ಡಾಕ್ಟರು ಹೇಳಿದ ಗಟ್ಟಿತನದ ವಿಷಯ. ಕಣ್ಣು ದೂರದ ಬೆಟ್ಟವನ್ನೂ ಕೈಯಲ್ಲಿರುವ ಪುಸ್ತಕವನ್ನೂ ಹೇಗೆ ನೋಡುತ್ತದೆ ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಕಣ್ಣುಗುಡ್ಡೆಯೇ ಉದ್ದವಾಗುತ್ತದೆಯೇ, ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಉಬ್ಬುತ್ತದೆಯೇ, ಒಳಗಿನ ಮಸೂರ ಬದಲಾಗುತ್ತದೆಯೇ? ಇಂಗ್ಲೆಂಡಿನ ಥಾಮಸ್ ಯಂಗ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಕಣ್ಣಿಗೆ ನೀರು ತುಂಬಿದ ಪುಟ್ಟ ಕೊಳವೆಯನ್ನು ಒತ್ತಿ ಹಿಡಿದು ಕಾರ್ನಿಯಾದ ಶಕ್ತಿ ಕೆಲಸ ಮಾಡದಂತೆ ಮಾಡಿದ. ಆಗಲೂ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುತ್ತಿತ್ತು. ಹಾಗಾದರೆ ಬದಲಾಗುವುದು ಒಳಗಿನ ಮಸೂರವೇ ಎಂದು 1801ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬರೆದ. ಅದು ಹೇಗೆ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ವಿವರಿಸಿದ. ಮಸೂರವನ್ನು ಸುತ್ತಲಿಂದ ಸಣ್ಣ ಎಳೆಗಳು ಬಿಗಿದು ಹಿಡಿದಿರುತ್ತವೆ. ಹತ್ತಿರ ನೋಡುವಾಗ ಸ್ನಾಯು ಕುಗ್ಗಿ ಆ ಎಳೆಗಳು ಸಡಿಲವಾಗುತ್ತವೆ. ಆಗ ಮೆತ್ತನೆಯ ಮಸೂರ ತಾನಾಗಿ ಉಬ್ಬುತ್ತದೆ. ನಮ್ಮ ವಿಜ್ಞಾನ ಪಠ್ಯಗಳಲ್ಲಿ ಇದಕ್ಕೆ ಹೊಂದಾಣಿಕೆ ಎಂದೇ ಹೆಸರು.

ವಯಸ್ಸಾದಂತೆ ಮಸೂರದ ಮೆದುತನ ಹೋಗುತ್ತದೆ. ನೆದರ್ಲೆಂಡ್ಸಿನ ಯುಟ್ರೆಕ್ಟ್ ನಗರದ ಡೊಂಡರ್ಸ್ 1864ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದರ ಲೆಕ್ಕ ಕೊಟ್ಟ. 10 ವರ್ಷದ ಮಗು 7 ಸೆಂಟಿಮೀಟರ್ ಹತ್ತಿರದ್ದನ್ನೂ ಸ್ಪಷ್ಟವಾಗಿ ನೋಡಬಲ್ಲದು. 40ಕ್ಕೆ ಆ ದೂರ 22 ಸೆಂಟಿಮೀಟರ್, 50ಕ್ಕೆ 40, 60ಕ್ಕೆ ಒಂದು ಮೀಟರ್. ಇದು ರೋಗವಲ್ಲ, ಎಲ್ಲರಿಗೂ ಬರುವ ಬದಲಾವಣೆ ಎಂದು ಖಚಿತವಾಗಿ ಹೇಳಿದವನೂ ಅವನೇ. ಈ ಪಟ್ಟಿಯಲ್ಲಿ ನನ್ನನ್ನು ನಾನು ಹುಡುಕಿಕೊಂಡೆ. ಸಣ್ಣ ಅಕ್ಷರದ ಅಡಿಟಿಪ್ಪಣಿ ಓದಲು ಪುಸ್ತಕವನ್ನು ತೋಳಿನಷ್ಟು ದೂರ ಹಿಡಿಯುವ ನನ್ನ ಅಭ್ಯಾಸ 160 ವರ್ಷಗಳ ಹಿಂದೆಯೇ ಅಲ್ಲಿ ದಾಖಲಾಗಿತ್ತು.

ಇದಕ್ಕೆ ಮೊದಲು ಸಿಕ್ಕ ಮದ್ದು ಕನ್ನಡಕ. 1306ರ ಫೆಬ್ರುವರಿಯಲ್ಲಿ ಫ್ಲಾರೆನ್ಸಿನ ಚರ್ಚೊಂದರಲ್ಲಿ ಜೋರ್ಡಾನೊ ಎಂಬ ಪಾದ್ರಿ ಉಪದೇಶ ಮಾಡುತ್ತಾ, ಕನ್ನಡಕ ಮಾಡುವ ಕಲೆ ಗೊತ್ತಾಗಿ ಇನ್ನೂ 20 ವರ್ಷವಾಗಿಲ್ಲ ಎಂದು ಹೇಳಿದ್ದ. ಆ ಮಾತು ಬರಹದಲ್ಲಿ ಉಳಿದಿದೆ. ಆ ಮೊದಲ ಕನ್ನಡಕಗಳು ನಮ್ಮ ಚಾಳೀಸಿನಂಥವೇ, ಹತ್ತಿರದ್ದನ್ನು ಓದಲು ಬೇಕಾದ ಉಬ್ಬುಗಾಜುಗಳು. ವಯಸ್ಸಾದ ಸನ್ಯಾಸಿಗಳೂ ಲಿಪಿಕಾರರೂ ಇನ್ನಷ್ಟು ವರ್ಷ ಓದಿ ಬರೆಯುವಂತಾಯಿತು. ನಮ್ಮ ನಾಡಿಗೂ ಅದು ಬೇಗನೆ ಬಂದಿತ್ತು. ವ್ಯಾಸರಾಯರ ಜೀವನವನ್ನು ಹೇಳುವ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕನ್ನಡಕ ಧರಿಸಿ ಓದುವ ಪ್ರಸ್ತಾಪವಿದೆ ಎಂದು ವಿದ್ವಾಂಸ ಪಿ. ಕೆ. ಗೋಡೆ ಗುರುತಿಸಿದರು. ಕಾಲ ಸುಮಾರು 1520. ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ, ಗೋವೆ ಪೋರ್ಚುಗೀಸರ ಕೈಸೇರಿ ಹತ್ತು ವರ್ಷವಾಗಿತ್ತು. ವ್ಯಾಸರಾಯರಿಗೆ ಆಗ ಅರವತ್ತರ ಆಸುಪಾಸು. ಚಾಳೀಸು ಹಾಕಿಕೊಂಡು ತಾಳೆಗರಿಯ ಮೇಲೆ ಬಾಗಿದ ಅವರನ್ನು ಮನಸ್ಸಿನಲ್ಲಿ ನೋಡಿದ ಮೇಲೆ ನನ್ನ ಮೂಗಿನ ಮೇಲಿನದರ ಬಗ್ಗೆ ಇದ್ದ ಬೇಸರ ತುಸು ಕಡಿಮೆಯಾಯಿತು.

ಕನ್ನಡಕ ಕಣ್ಣಿನ ಹೊರಗೇ ಉಳಿಯಿತು. ಕಣ್ಣೊಳಗೆ ಕೈಹಾಕಿದ ವಿದ್ಯೆ ಬೇರೆ, ಅದು ಇನ್ನೂ ಹಳೆಯದು. ಅದರ ಗುರಿ ಚಾಳೀಸಲ್ಲ, ಪೊರೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶ ಎಂಬ ಕಣ್ಣಿನ ರೋಗಕ್ಕೆ ಶಸ್ತ್ರಚಿಕಿತ್ಸೆ ಹೇಳಿದೆ. ಜವೆಗೋಧಿಯ ಕಾಳಿನಂಥ ಮೊನೆಯ ಶಲಾಕೆಯಿಂದ ಕಣ್ಣಿನ ಪಕ್ಕದಲ್ಲಿ ಚುಚ್ಚಿ ದೃಷ್ಟಿಗೆ ಅಡ್ಡವಾದದ್ದನ್ನು ಸರಿಸಬೇಕು. ರೋಗಿಯ ಬಲಗಣ್ಣಿಗೆ ವೈದ್ಯ ಎಡಗೈ ಬಳಸಬೇಕು, ಎಡಗಣ್ಣಿಗೆ ಬಲಗೈ. ಈ ಬಗೆಯ ಚಿಕಿತ್ಸೆಯಲ್ಲಿ ಮಬ್ಬಾದ ಮಸೂರ ಕಣ್ಣಿನಿಂದ ಹೊರಗೆ ಬರುತ್ತಿರಲಿಲ್ಲ, ಬೆಳಕಿನ ದಾರಿಯಿಂದ ಪಕ್ಕಕ್ಕೆ ಜಾರುತ್ತಿತ್ತು ಅಷ್ಟೆ. ಅದನ್ನು ಕಣ್ಣಿನಿಂದ ಹೊರಗೆ ತೆಗೆಯುವ ಕ್ರಮವನ್ನು 1747ರಲ್ಲಿ ಕಂಡುಕೊಂಡವನು ಫ್ರಾನ್ಸಿನ ಜಾಕ್ ದವಿಯೆಲ್.

ತೆಗೆದ ಜಾಗದಲ್ಲಿ ಏನಾದರೂ ಇಡಬಹುದಲ್ಲ ಎಂಬ ಯೋಚನೆ ಅದೇ ಶತಮಾನದಲ್ಲಿ ಕೆಲವರಿಗೆ ಹೊಳೆದಿತ್ತು. ಕಾಸನೋವನ ಆತ್ಮಕಥೆಯಲ್ಲಿ ತಾದೀನಿ ಎಂಬ ಊರೂರು ತಿರುಗುವ ಕಣ್ಣಿನ ವೈದ್ಯ ಬರುತ್ತಾನೆ. ಅವನ ಪೆಟ್ಟಿಗೆಯಲ್ಲಿ ನುಣುಪಾದ ಪುಟ್ಟ ಗೋಲಿಗಳಿದ್ದವು, ಮಸೂರದ ಬದಲಿಗೆ ಅವನ್ನು ಕಣ್ಣಿನಲ್ಲಿ ಇಡುವುದು ಅವನ ಆಸೆ. 1795ರ ಸುಮಾರಿಗೆ ಡ್ರೆಸ್ಡೆನ್ ನಗರದಲ್ಲಿ ಕಾಸಾಮಾತಾ ಎಂಬ ವೈದ್ಯ ನಿಜವಾಗಿಯೇ ಗಾಜಿನ ಮಸೂರವನ್ನು ಕಣ್ಣೊಳಗೆ ಇಟ್ಟ. ಅದು ನಿಲ್ಲದೆ ಕಣ್ಣಿನ ಹಿಂಭಾಗಕ್ಕೆ ಬಿತ್ತು. ಅಲ್ಲಿಂದ ಒಂದೂವರೆ ಶತಮಾನ ಆ ಜಾಗ ಖಾಲಿಯಾಗಿಯೇ ಇತ್ತು.

ಆ ಖಾಲಿ ಜಾಗ ಹೇಗಿರುತ್ತದೆ ಎಂದು ನನಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. 1979ರಲ್ಲಿ ನಮ್ಮ ಹೈಸ್ಕೂಲಿನ ಕೊಠಡಿಗಳಲ್ಲಿ ಬೆಂಚು ಸರಿಸಿ ಚಾಪೆ ಹಾಸಿ ಕಣ್ಣಿನ ಕ್ಯಾಂಪ್ ಮಾಡಿದ್ದರು. ಅಜ್ಜಿಯ ಎರಡು ಕಣ್ಣಿನಲ್ಲೂ ಪೊರೆ ಹಣ್ಣಾಗಿತ್ತು, ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ವರ್ಷ ಒಂದು ಕಣ್ಣಿಗೆ, ಮುಂದಿನ ವರ್ಷ ಇನ್ನೊಂದಕ್ಕೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಕೆಲವು ವಾರಗಳಾದ ಮೇಲೆ ಕೊಟ್ಟದ್ದು ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡು ಮೊದಲ ಸಲ ನನ್ನ ತಂಗಿಯ ಮುಖ ನೋಡಿ, “ಇದರ ಮೂಗು ನಮ್ಮವ್ವಂದು ಕಣೇ” ಎಂದಿದ್ದಳು. ತಂಗಿಗೆ ಆಗ ನಾಲ್ಕು ವರ್ಷ. ಅಲ್ಲಿಯವರೆಗೆ ಅಜ್ಜಿ ಅವಳ ಮುಖವನ್ನು ಬೆರಳಲ್ಲಿ ಮಾತ್ರ ನೋಡಿದ್ದಳು.

ಆದರೆ ಆ ಕನ್ನಡಕದ ಲೋಕವೇ ಬೇರೆ. ಕಣ್ಣೊಳಗೆ ಮಸೂರವಿಲ್ಲದವರಿಗೆ ಅದರ ಕೆಲಸವನ್ನೆಲ್ಲ ದಪ್ಪಗಾಜು ಹೊರಗಿನಿಂದ ಮಾಡಬೇಕು. ಎಲ್ಲವೂ ಇದ್ದದ್ದಕ್ಕಿಂತ ಕಾಲುಭಾಗ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅಜ್ಜಿ ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. ಮೆಟ್ಟಿಲು ಬಂತೆಂದು ಕಾಲೆತ್ತಿದರೆ ಅದು ಇನ್ನೂ ಮುಂದಿರುತ್ತಿತ್ತು. ಪಕ್ಕದಿಂದ ಬಂದವರು ಗಾಜಿನ ಅಂಚಿನಲ್ಲಿ ಒಂದು ಕ್ಷಣ ಮಾಯವಾಗಿ ಎದುರಿಗೆ ದಿಢೀರನೆ ಕಾಣಿಸುತ್ತಿದ್ದರು. ಅವಳು ಬೆಚ್ಚಿಬೀಳುವುದು ಮಕ್ಕಳಾದ ನಮಗೆ ಆಟವಾಗಿತ್ತು. ಒಮ್ಮೆ ಜಾತ್ರೆಯಲ್ಲಿ ಕನ್ನಡಕ ಬಿದ್ದು ಒಡೆಯಿತು. ಹೊಸದು ಬರುವವರೆಗೆ ಹದಿನೈದು ದಿನ ಅಜ್ಜಿ ಮತ್ತೆ ಗೋಡೆ ಹಿಡಿದು ನಡೆದಳು.

ಅದು ಯಾರ ತಪ್ಪೂ ಆಗಿರಲಿಲ್ಲ. ಆ ಕಾಲದ ವಿದ್ಯೆ ಅಷ್ಟು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1940ರ ದಶಕದಿಂದ ಹಳ್ಳಿಹಳ್ಳಿ ತಿರುಗಿ ಪೊರೆ ತೆಗೆದರು. ಗಿನ್ನೆಸ್ ದಾಖಲೆಯಂತೆ 1993ರ ಹೊತ್ತಿಗೆ ಅವರ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. ಅಂಥ ಕ್ಯಾಂಪುಗಳಿಲ್ಲದಿದ್ದರೆ ಆ ತಲೆಮಾರಿನ ಬಹಳ ಜನ ಕತ್ತಲಲ್ಲೇ ಸಾಯುತ್ತಿದ್ದರು. ಕಾಣುವುದೇ ದೊಡ್ಡದಾಗಿದ್ದಾಗ ಹೇಗೆ ಕಾಣುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಜ್ಜಿಯ ಆಪರೇಷನ್ನಿಗೆ 30 ವರ್ಷ ಮೊದಲೇ ಲಂಡನ್ನಿನಲ್ಲಿ ಒಬ್ಬ ಆ ಖಾಲಿ ಜಾಗಕ್ಕೆ ಮಸೂರ ಇಟ್ಟಿದ್ದ. ಹೆರಾಲ್ಡ್ ರಿಡ್ಲಿ ಎಂಬ ಆ ವೈದ್ಯನ ಕಥೆ ಯುದ್ಧದಿಂದ ಶುರುವಾಗುತ್ತದೆ. 1940ರ ಆಗಸ್ಟಿನಲ್ಲಿ ಗೋರ್ಡನ್ ಕ್ಲೀವರ್ ಎಂಬ ಬ್ರಿಟಿಷ್ ಪೈಲಟ್ ಕಣ್ಣಿಗೆ ರಕ್ಷಣೆಯ ಗಾಗಲ್ಸ್ ಹಾಕದೆ ವಿಮಾನ ಹಾರಿಸುತ್ತಿದ್ದ. ಶತ್ರುವಿನ ಗುಂಡಿಗೆ ವಿಮಾನದ ಮೇಲ್ಮುಚ್ಚಳ ಸಿಡಿದು ಅದರ ಚೂರುಗಳು ಅವನ ಎರಡೂ ಕಣ್ಣಿಗೆ ನುಗ್ಗಿದವು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಚೂರುಗಳು ಉಳಿದವು. ಆ ಮುಚ್ಚಳ ಗಾಜಿನದಲ್ಲ, ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದು. ಇಂಥ ಗಾಯಾಳುಗಳನ್ನು ನೋಡಿದ ರಿಡ್ಲಿ ಒಂದು ವಿಷಯ ಗಮನಿಸಿದ. ಕಣ್ಣೊಳಗೆ ಬೇರೆ ವಸ್ತು ಸೇರಿದರೆ ಅದು ಕೆಂಪಾಗಿ ಊದಿಕೊಳ್ಳಬೇಕು. ಆದರೆ ಅಲುಗಾಡದೆ ಕೂತ ಪರ್ಸ್ಪೆಕ್ಸ್ ಚೂರನ್ನು ಕಣ್ಣು ವರ್ಷಗಟ್ಟಲೆ ಸಹಿಸಿಕೊಂಡಿತ್ತು.

1948ರಲ್ಲಿ ರಿಡ್ಲಿ ಪೊರೆ ತೆಗೆಯುವುದನ್ನು ನೋಡುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ತೆಗೆದ ಜಾಗಕ್ಕೆ ಬೇರೆ ಮಸೂರ ಇಡುವುದಿಲ್ಲವೇ ಎಂದು ಕೇಳಿದನಂತೆ. ಮೇಷ್ಟರುಗಳಿಗೆ ಇಂಥ ಪ್ರಶ್ನೆಯ ಬೆಲೆ ಗೊತ್ತು. ರೇನರ್ ಎಂಬ ಕಂಪನಿಯ ಜಾನ್ ಪೈಕ್ ಮಸೂರ ಮಾಡಿಕೊಡಲು ಒಪ್ಪಿದ. ಅದಕ್ಕೆ ಬೇಕಾದ ಹೆಚ್ಚು ಶುದ್ಧವಾದ ಪರ್ಸ್ಪೆಕ್ಸ್ ಸಿದ್ಧವಾಯಿತು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬಳ ಕಣ್ಣಿನಲ್ಲಿ ಅದನ್ನು ಇಟ್ಟು ನೋಡಿದ. 1950ರ ಫೆಬ್ರುವರಿ 8ರಂದು ಅದನ್ನು ಕಾಯಂ ಆಗಿ ಕೂರಿಸಿದ. ಮಸೂರ ನಿಂತಿತು, ಲೆಕ್ಕ ತಪ್ಪಿತ್ತು. ಪ್ಲಾಸ್ಟಿಕ್ ನಮ್ಮ ಮಸೂರಕ್ಕಿಂತ ಹೆಚ್ಚು ಬೆಳಕು ಬಾಗಿಸುತ್ತದೆ ಎಂಬುದನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯದೆ ಆಕಾರ ಕೊಟ್ಟಿದ್ದರಿಂದ ಆಕೆಗೆ ಮೈನಸ್ 18ರ ಕನ್ನಡಕ ಬೇಕಾಯಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಕೃತಕ ಮಸೂರ ಪಡೆದಾಕೆಯೂ ದಪ್ಪ ಕನ್ನಡಕ ಹಾಕಿಕೊಂಡೇ ಮನೆಗೆ ಹೋದಳು. ಇದನ್ನು ಓದಿದಾಗ ನನಗೆ ಅಜ್ಜಿಯ ನೆನಪಾಯಿತು.

ರಿಡ್ಲಿ ಒಂದೂವರೆ ವರ್ಷ ಇದನ್ನು ಗುಟ್ಟಾಗಿಟ್ಟಿದ್ದ. 1951ರ ಜುಲೈನಲ್ಲಿ ಆಕ್ಸ್‌ಫರ್ಡಿನ ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ತನ್ನ ರೋಗಿಗಳನ್ನೇ ಕರೆದುಕೊಂಡು ಹೋದ. ಬ್ರಿಟನ್ನಿನ ಆ ಕಾಲದ ಅತಿ ದೊಡ್ಡ ನೇತ್ರತಜ್ಞ ಡ್ಯೂಕ್-ಎಲ್ಡರ್ ಆ ರೋಗಿಗಳನ್ನು ನೋಡಲೂ ಒಪ್ಪಲಿಲ್ಲ. ಕಣ್ಣಿನಿಂದ ಹೊರಗಿನ ವಸ್ತುವನ್ನು ತೆಗೆಯುವುದು ವೈದ್ಯನ ಕೆಲಸ, ಇಡುವುದಲ್ಲ ಎಂಬುದು ಆಗಿನ ನಂಬಿಕೆ. ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ರಿಡ್ಲಿಯ ಮಸೂರ ಭಾರವಾಗಿತ್ತು. ಕೆಲವು ಜಾರಿದವು, ಕೆಲವು ಕಣ್ಣುಗಳು ಉರಿದು ಊದಿಕೊಂಡವು, ಕೆಲವನ್ನು ಮತ್ತೆ ತೆಗೆಯಬೇಕಾಯಿತು. ಆದರೂ ಅವನ ಹಿಂದೆ ಬಂದವರು ಬಿಡಲಿಲ್ಲ. ಅಮೆರಿಕದ ಸರ್ಕಾರಿ ಮಂಜೂರಾತಿ ಸಿಕ್ಕದ್ದು 1981ರಲ್ಲಿ. ರಿಡ್ಲಿಗೆ ಸರ್ ಪದವಿ ಬಂದದ್ದು 2000ದಲ್ಲಿ, 93ನೆಯ ವಯಸ್ಸಿಗೆ. ಅಷ್ಟರೊಳಗೆ ಅವನ ಎರಡೂ ಕಣ್ಣಿಗೆ ಪೊರೆ ಬಂದು, ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಅವನೇ ಕಂಡುಹಿಡಿದ ಚಿಕಿತ್ಸೆ ಅವನಿಗೂ ಆಗಿತ್ತು. ಪೈಲಟ್ ಕ್ಲೀವರನ ಉಳಿದ ಕಣ್ಣಿಗೂ 1987ರಲ್ಲಿ ಕೃತಕ ಮಸೂರ ಬಂತು.

ಇಲ್ಲಿಯವರೆಗಿನ ಕಥೆಯೆಲ್ಲ ಕುರುಡಿನ ವಿರುದ್ಧದ್ದು. ಅದು ಚಾಳೀಸಿನ ಕಡೆಗೆ ತಿರುಗಿದ್ದು ಹೇಗೆ? 1967ರಲ್ಲಿ ಎರಡು ಕೆಲಸಗಳಾದವು. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಶಬ್ದಾತೀತ ಕಂಪನದಿಂದ ಮಸೂರವನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಯಂತ್ರವನ್ನು ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದ. ದಂತವೈದ್ಯರು ಹಲ್ಲು ಸ್ವಚ್ಛ ಮಾಡುವ ಉಪಕರಣ ನೋಡಿ ಅವನಿಗೆ ಇದು ಹೊಳೆದಿತ್ತು. ಸೋವಿಯತ್ ವೈದ್ಯ ಫ್ಯೊದೊರೊವ್ ಯಾವ ಕಣ್ಣಿಗೆ ಎಷ್ಟು ಶಕ್ತಿಯ ಮಸೂರ ಬೇಕು ಎಂದು ಮೊದಲೇ ಲೆಕ್ಕಹಾಕುವ ಸೂತ್ರ ಕೊಟ್ಟ. 1980ರ ದಶಕದಲ್ಲಿ ಮಡಚುವ ಮಸೂರ ಬಂದ ಮೇಲೆ ಎರಡು ಮೂರು ಮಿಲಿಮೀಟರಿನ ಗಾಯವೇ ಸಾಕಾಯಿತು. ನಮ್ಮ ಪಕ್ಕದ ಮದುರೈನಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಕಟ್ಟಿ, ಆಮದಾದ ಮಸೂರದ ಬೆಲೆಯ ಒಂದು ಸಣ್ಣ ಪಾಲಿಗೆ ಮಸೂರ ಮಾಡತೊಡಗಿದರು. ಅಲ್ಲಿಂದ ಹಳ್ಳಿಯ ಕ್ಯಾಂಪುಗಳಲ್ಲೂ ಸೋಡಾಬುಡ್ಡಿ ಮರೆಯಾಗುತ್ತಾ ಹೋಯಿತು. ನನ್ನ ಅಮ್ಮನಿಗೆ ಪೊರೆ ತೆಗೆದಾಗ ಅಂಥ ಕನ್ನಡಕ ಬೇಕಾಗಲೇ ಇಲ್ಲ. ಓದಲು ಮಾತ್ರ ಒಂದು ಸಾಧಾರಣ ಚಾಳೀಸು.

ಶಕ್ತಿಯನ್ನು ಆರಿಸಿ ಇಡಬಹುದು ಎಂದಾದ ಮೇಲೆ ಪ್ರಶ್ನೆಯೇ ಬದಲಾಯಿತು. ಮೊದಲು ‘ಕಾಣುತ್ತದೆಯೇ’ ಎಂದು ಕೇಳುತ್ತಿದ್ದವರು ‘ಎಲ್ಲಿ ಕಾಣಬೇಕು’ ಎಂದು ಕೇಳತೊಡಗಿದರು. ದೂರಕ್ಕೋ, ಹತ್ತಿರಕ್ಕೋ? ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಎಂದು ಹಂಚಬಹುದೇ? 1980ರ ದಶಕದಲ್ಲೇ ಬೆಳಕನ್ನು ದೂರ, ಹತ್ತಿರ ಎಂದು ಎರಡು ಪಾಲು ಮಾಡುವ ಮಸೂರಗಳು ಬಂದವು, 2010ರಿಂದ ಮೂರು ಪಾಲು ಮಾಡುವವೂ ಬಂದವು. ಇವು ಬಂದ ಮೇಲೆ ಪೊರೆಯಿಲ್ಲದವರೂ ಚಾಳೀಸು ಬಿಡಲೆಂದೇ ಮಸೂರ ಬದಲಾಯಿಸಿಕೊಳ್ಳುವುದು ಶುರುವಾಯಿತು.

ಸ್ವಚ್ಛವಾದ ಮಸೂರವನ್ನು ತೆಗೆದದ್ದು ಇದೇ ಮೊದಲಲ್ಲ. 1890ರಲ್ಲಿ ಫುಕಾಲ ಎಂಬ ಆಸ್ಟ್ರಿಯಾದ ವೈದ್ಯ, ಕಣ್ಣಿಗೆ ಬಹಳ ಹೆಚ್ಚಿನ ಮೈನಸ್ ನಂಬರ್ ಇದ್ದವರ ಒಳ್ಳೆಯ ಮಸೂರವನ್ನೇ ತೆಗೆದು ದೂರದೃಷ್ಟಿ ಕೊಟ್ಟ. ಕೆಲವು ವರ್ಷ ಅದು ಯುರೋಪಿನಲ್ಲಿ ಜನಪ್ರಿಯವಾಗಿತ್ತು. ಬರಬರುತ್ತಾ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಕಿತ್ತುಬಂದು ಕುರುಡಾದವರ ಸುದ್ದಿಗಳು ಬಂದವು. ವೈದ್ಯರು ಅದನ್ನು ಕೈಬಿಟ್ಟರು. ಇಂದಿನ ಶಸ್ತ್ರಚಿಕಿತ್ಸೆ ಅದಕ್ಕಿಂತ ಎಷ್ಟೋ ಪಾಲು ಸುರಕ್ಷಿತ, ಅಪಾಯ ಅಪರೂಪ. ಅಪರೂಪದ ಅಪಾಯವನ್ನು ಕುರುಡಿನ ಎದುರು ತೂಗುವುದು ಒಂದು ಲೆಕ್ಕ, ಕಿಟಕಿಯ ಮೇಲಿನ ಚಾಳೀಸಿನ ಎದುರು ತೂಗುವುದು ಇನ್ನೊಂದು ಲೆಕ್ಕ. ಫುಕಾಲನ ಕಥೆಯಿಂದ ನಾನು ತಿಳಿದದ್ದು ಇಷ್ಟು.

ಮತ್ತೆ ಡಾಕ್ಟರ ಹತ್ತಿರ ಹೋದೆ. ಈ ಸಲ ಪ್ರಶ್ನೆಗಳ ಚೀಟಿ ಇತ್ತು. ಹೊಸ ಮಸೂರ ಮಗುವಿನ ಮಸೂರದಂತೆ ಹೊಂದಿಕೊಳ್ಳುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಸ್ನಾಯುವಿನ ಜೊತೆ ಚಲಿಸುವ ಮಸೂರಗಳನ್ನು ಮಾಡಿ ನೋಡಿದ್ದಾರೆ, ಎಳೆಯ ಕಣ್ಣಿನ ಹೊಂದಾಣಿಕೆ ಅವುಗಳಿಂದ ಬಂದಿಲ್ಲ. ಈಗಿನವು ಒಳಗೆ ಬಂದ ಬೆಳಕನ್ನೇ ಹಂಚುತ್ತವೆ. ಹಂಚಿದ ಮೇಲೆ ಪ್ರತಿ ಪಾಲೂ ಚಿಕ್ಕದು. ಮಂದಬೆಳಕಿನಲ್ಲಿ ಓದುವಾಗ ಅಕ್ಷರದ ಕಪ್ಪು ತುಸು ಮಾಸಬಹುದು. ರಾತ್ರಿ ಎದುರು ವಾಹನದ ದೀಪಗಳ ಸುತ್ತ ಬಳೆ ಕಾಣಬಹುದು. ಬಹಳ ಜನ ಕೆಲವು ತಿಂಗಳಲ್ಲಿ ರೂಢಿ ಮಾಡಿಕೊಳ್ಳುತ್ತಾರೆ, ಕೆಲವರಿಗೆ ಆಗುವುದಿಲ್ಲ. ನನ್ನ ಕಣ್ಣಿನಲ್ಲಿ ಇನ್ನೂ ಉಳಿದಿರುವ ಚೂರುಪಾರು ಹೊಂದಾಣಿಕೆ ತೆಗೆದ ಮಸೂರದ ಜೊತೆಗೇ ಹೋಗುತ್ತದೆ. ಯಾವುದನ್ನೂ ಮುಚ್ಚಿಡದೆ ಹೇಳಿದರು. ಲಾಭವನ್ನೂ ಹೇಳಿದರು: ಪತ್ರಿಕೆ, ಮೊಬೈಲು, ಬಸ್ಸಿನ ಬೋರ್ಡು ಎಲ್ಲ ಕನ್ನಡಕವಿಲ್ಲದೆ, ಮುಂದೆ ಪೊರೆಯ ಭಯವೂ ಇಲ್ಲ.

ಪ್ರತಿ ಶನಿವಾರ ಸಂಜೆ ಕಾಲೇಜು ಮುಗಿಸಿ 80 ಕಿಲೋಮೀಟರ್ ಕಾರು ಓಡಿಸಿಕೊಂಡು ಅಮ್ಮನ ಹತ್ತಿರ ಹೋಗುತ್ತೇನೆ. ಅರ್ಧದಾರಿ ಕತ್ತಲು, ಎದುರಿನಿಂದ ಸಾಲುಸಾಲು ಲಾರಿಗಳು. ಅಮ್ಮ ಒಬ್ಬಳೇ ಇದ್ದಾಳೆ. ಆ ದೀಪಗಳ ಸುತ್ತ ಬಳೆ ಕಂಡರೆ ಆ ದಾರಿ ನನ್ನ ಪಾಲಿಗೆ ಏನಾಗಬಹುದು ಎಂದು ಯೋಚಿಸಿದೆ. ಹಳೆಯ ಹಸ್ತಪ್ರತಿಗಳ ಮಾಸಿದ ಪುಟಗಳನ್ನು ನೆನೆದೆ. ರಾತ್ರಿ ವಾಹನ ಓಡಿಸದ, ಕನ್ನಡಕ ಹಾಕಿ ದುಡಿಯಲಾಗದ, ಪೊರೆ ಆಗಲೇ ಶುರುವಾದ ಇನ್ನೊಬ್ಬರಿಗೆ ಉತ್ತರ ಬೇರೆಯಾಗಬಹುದು. ನನ್ನ ಸಹೋದ್ಯೋಗಿಯೊಬ್ಬರು ಮಾಡಿಸಿಕೊಂಡು ಸುಖವಾಗಿದ್ದಾರೆ.

“ಪೊರೆ ಬರಲಿ ಡಾಕ್ಟ್ರೇ, ಆವಾಗ ಬರ್ತೀನಿ” ಎಂದೆ. “ಬಂದೇ ಬರುತ್ತೆ, ಅವಸರವಿಲ್ಲ” ಎಂದು ಅವರು ನಕ್ಕು ಹೊಸ ನಂಬರ್ ಬರೆದುಕೊಟ್ಟರು.

ಆ ಶನಿವಾರ ಹೊಸ ಚಾಳೀಸಿನೊಂದಿಗೆ ಊರಿಗೆ ಹೋದೆ. ಅಮ್ಮ ರವಿಕೆಗೆ ಗುಂಡಿ ಹಾಕುತ್ತಾ ಕೂತಿದ್ದಳು. ಸೂಜಿಗೆ ದಾರ ಪೋಣಿಸಿಕೊಡು ಎಂದಳು. ನಾನು ಕನ್ನಡಕ ಹಾಕಿಕೊಂಡೆ, ಎರಡು ಸಲ ತಪ್ಪಿತು, ಮೂರನೆಯ ಸಲ ದಾರ ಒಳಗೆ ಹೋಯಿತು. ಗೂಡಿನಲ್ಲಿ ಅಜ್ಜಿಯ ಸೋಡಾಬುಡ್ಡಿ ಇನ್ನೂ ಇದೆ. ಒಂದು ಕಡ್ಡಿಗೆ ದಾರ ಸುತ್ತಿದೆ. ತೆಗೆದು ಒರೆಸಿ ಅಲ್ಲೇ ಇಟ್ಟೆ.